ಮುಠಾ ನೀರಿನ ಬೆಳ್ಳಿ ಹಿಂಡು

ಖಡಕವಾಸಲಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಸಂಜೆ ಗಾಳಿ ಬಿದ್ದ ಮೇಲೆ ಒಂದು ಬಗೆಯ ತುಂತುರು ಶುರುವಾಗುತ್ತದೆ. ಮುಗಿಲಲ್ಲಿ ಮೋಡವಿಲ್ಲ, ಹನಿ ಬಿದ್ದ ಸದ್ದಿಲ್ಲ. ಆದರೂ ನೀರಿನ ಮೈಮೇಲೆ ನೂರಾರು ಪುಟ್ಟ ಉಂಗುರಗಳು ಮೂಡಿ ಅಳಿಯುತ್ತಿರುತ್ತವೆ. ಇದು ಕೆಳಗಿನಿಂದ ಬರುವ ಮಳೆ. ಬೆರಳುದ್ದದ ಮೀನುಗಳು ನೀರಿನ ಪೊರೆಗೆ ಮೂತಿ ತಾಗಿಸಿ ಹುಳ ಹಿಡಿಯುವ ಹೊತ್ತು ಅದು. ಸುಟ್ಟ ಮೆಕ್ಕೆಜೋಳ, ಕಾಂದಾಭಜಿ ತಿನ್ನಲು ಪುಣೆಯಿಂದ ಬಂದ ಜನ ದಡದುದ್ದಕ್ಕೂ ಕೂತಿರುತ್ತಾರೆ. ಯಾವುದೋ ಮಗು ಒಂದು ಕಲ್ಲು ಎಸೆಯುತ್ತದೆ. ಆ ಕ್ಷಣದಲ್ಲಿ ನೂರಾರು ಮೈಗಳು ಒಮ್ಮೆಲೇ ಹೊರಳಿ, ನೀರಿನೊಳಗೆ ಯಾರೋ ಕನ್ನಡಿ ತಿರುಗಿಸಿದಂತೆ ಬೆಳಕು ಮಿಂಚಿ ಆರುತ್ತದೆ. ಮಗುವಿಗೆ ಕಾಣುವುದು ಅಷ್ಟೇ. ಮೀನಿನ ಹೆಸರನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಯಾರೂ ಕೇಳುವುದಿಲ್ಲ.

ಹೆಸರಂತೂ ಇದೆ. ಪುಣೆ ಸುತ್ತಿನ ಮೀನುಗಾರರು ಈ ಜಾತಿಯ ಮೀನುಗಳನ್ನು ಅಳಕೂಟ ಎನ್ನುತ್ತಾರೆ. ಅಂಗೈ ಮೇಲಿಟ್ಟರೆ ಚಾಕುವಿನ ಅಲಗಿನಷ್ಟು ಚಪ್ಪಟೆ. ಹೊಟ್ಟೆಯ ಅಂಚು ಕ್ಷೌರದ ಕತ್ತಿಯಂತೆ ಚೂಪು. ಅದಕ್ಕೇ ಇಂಗ್ಲಿಷಿನಲ್ಲಿ ರೇಜರ್‌ಬೆಲ್ಲಿ ಮಿನ್ನೋ. ಬಾಯಿ ಮೇಲ್ಮುಖ, ಕಣ್ಣು ದೊಡ್ಡದು, ಹುರುಪೆ ತೀರ ಸಣ್ಣದು ಮತ್ತು ಸಡಿಲು. ಮುಟ್ಟಿದರೆ ಬೆರಳಿಗೆ ಬೆಳ್ಳಿಯ ಪುಡಿ ಅಂಟಿಕೊಳ್ಳುತ್ತದೆ. ನೀರಿನಿಂದ ತೆಗೆದ ಸ್ವಲ್ಪ ಹೊತ್ತಿಗೇ ಪ್ರಾಣ ಬಿಡುವಷ್ಟು ಸೂಕ್ಷ್ಮ. ಕನ್ನಡನಾಡಿನ ಹೊಳೆ ಕೆರೆಗಳಲ್ಲಿಯೂ ಇದರ ಬಳಗವಿದೆ. ಆದರೆ ಗೆಂಡೆಯಂಥ ಒಂದೆರಡನ್ನು ಬಿಟ್ಟರೆ ಉಳಿದುದನ್ನೆಲ್ಲ ನಾವು ‘ಸಣ್ಣಮೀನು’ ಎಂಬ ಒಂದೇ ಬುಟ್ಟಿಗೆ ಹಾಕಿಬಿಡುತ್ತೇವೆ. ಆ ಬುಟ್ಟಿಯೊಳಗೆ ಎಷ್ಟು ಬಗೆ ಇದೆ, ಅವು ಹೇಗೆ ಬದುಕುತ್ತವೆ ಎಂಬುದು ಬೇರೆಯೇ ಒಂದು ಲೋಕ. ಭಾರತದಲ್ಲಿ ಆ ಲೋಕದ ಲೆಕ್ಕವನ್ನು ಎರಡು ಶತಮಾನದ ಹತ್ತಿರ ಬಿಟ್ಟು ಬಿಟ್ಟಾದರೂ ಬರೆದಿಟ್ಟುಕೊಂಡು ಬಂದ ಊರುಗಳು ಕಡಿಮೆ. ಪುಣೆ ಅಂಥ ಒಂದು ಊರು.

ಲೆಕ್ಕ ಶುರು ಮಾಡಿದವನು ವಿಲಿಯಂ ಹೆನ್ರಿ ಸೈಕ್ಸ್, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೇನೆಯ ಅಧಿಕಾರಿ. ಪೇಶ್ವೆಗಳ ಆಳ್ವಿಕೆ ಮುಗಿದು ಆರು ವರ್ಷವಾಗಿತ್ತು. ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನಿದೆ, ಎಷ್ಟಿದೆ ಎಂದು ತಿಳಿಯಲು 1824ರಲ್ಲಿ ಮುಂಬಯಿ ಸರ್ಕಾರ ಇವನನ್ನು ಅಂಕಿಅಂಶ ವರದಿಗಾರನಾಗಿ ನೇಮಿಸಿತು. ಜನಸಂಖ್ಯೆ, ಬೆಳೆ, ಕಂದಾಯಗಳ ಜೊತೆಗೆ ಸೈಕ್ಸ್ ದಖ್ಖನಿನ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಮೀನುಗಳನ್ನೂ ಬರೆದುಕೊಂಡ. 1831ರಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ, 1839ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ನಡಾವಳಿಯಲ್ಲಿ ದಖ್ಖನಿನ ಮೀನುಗಳ ವಿವರ ಅಚ್ಚಾಯಿತು. 1841ರಲ್ಲಿ ಇನ್ನೂ ವಿಸ್ತಾರವಾದ ಬರಹ ಬಂತು.

ಸೈಕ್ಸ್ ಹೆಸರಿಟ್ಟ ರೀತಿಯೇ ಸ್ವಾರಸ್ಯ. ಹೊಸ ಜೀವಿಗೆ ಗ್ರೀಕ್ ಅಥವಾ ಲ್ಯಾಟಿನ್ ಪದ ಹುಡುಕುವುದು, ಇಲ್ಲವೇ ಗೆಳೆಯನ ಹೆಸರು ಅಂಟಿಸುವುದು ಆ ಕಾಲದ ರೂಢಿ. ಸೈಕ್ಸ್ ಅದನ್ನೂ ಮಾಡಿದ್ದುಂಟು. ಆದರೆ ಬಹಳಷ್ಟು ಮೀನುಗಳಿಗೆ ಹೊಳೆಯ ದಡದಲ್ಲಿ ಬಳಕೆಯಲ್ಲಿದ್ದ ಹೆಸರನ್ನೇ ಎತ್ತಿಕೊಂಡ. ಅಳಕೂಟದ ಬಳಗಕ್ಕೆ ಬಲೂಕಿ, ಅಲ್ಕೂಟಿ, ಜೋರಾ, ತೀಕಾನಿ. ಬಂಡೆಗೆ ಅಂಟಿಕೊಳ್ಳುವ ಮೀನಿಗೆ ಮುಲ್ಯಾ. ದೊಡ್ಡ ಹುರುಪೆಯ ಮಾಶೀರ್‌ಗೆ ಖುದ್ರೀ. ಮೂತಿಯ ಮೇಲೆ ಕೊಂಬಿನಂಥ ಗುಬುಟಿರುವ ವಿಚಿತ್ರ ಮೀನಿಗೆ ನುಕ್ತಾ. ಹೀಗೆ ಒಂದೂ ಅಕ್ಷರ ಓದದ ಮೀನುಗಾರರ ಬಾಯಿಮಾತು ಲಂಡನ್ನಿನ ವಿದ್ವತ್ ಪತ್ರಿಕೆಯಲ್ಲಿ ಲ್ಯಾಟಿನ್ ಪದಗಳ ಪಕ್ಕ ಕೂತಿತು. ಇವತ್ತಿಗೂ ಜಪಾನಿನಲ್ಲಾಗಲಿ ಬ್ರೆಜಿಲ್‌ನಲ್ಲಾಗಲಿ ಆ ಮೀನಿನ ಬಗ್ಗೆ ಬರೆಯುವವರು ‘ಸಾಲ್ಮೊಸ್ಟೋಮ ಬಲೂಕಿ’ ಎಂದೇ ಬರೆಯಬೇಕು. ಭೀಮಾ ಮುಠಾ ದಡದ ಜನರಿಗೆ ಸಂದ ಗೌರವಗಳಲ್ಲಿ ಇದಕ್ಕಿಂತ ಬಾಳಿಕೆಯದು ಇನ್ನೊಂದಿರಲಾರದು.

ಈ ದಾರಿಯನ್ನು ಸೈಕ್ಸ್‌ಗಿಂತ ಮೊದಲು ತೋರಿಸಿದವನು ಕನ್ನಡಿಗರಿಗೆ ಪರಿಚಿತನೇ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರ್‌ಗಳ ಉದ್ದಗಲ ಸುತ್ತಿ ದಿನಚರಿ ಬರೆದ ಫ್ರಾನ್ಸಿಸ್ ಬುಕಾನನ್. ನಮ್ಮ ಇತಿಹಾಸಕಾರರು ಅಡಿಗಡಿಗೆ ಉಲ್ಲೇಖಿಸುವ ಅದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡು 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಅದರಲ್ಲೂ ಊರ ಹೆಸರುಗಳದೇ ಸಂತೆ: ಟಿಕ್ಟೊ, ಮೋಲಾ, ಡಾನಿಕೋನಿಯಸ್, ರೇರಿಯೋ. ಇವುಗಳಲ್ಲಿ ಕಡೆಯದು ಈಗ ಜಗತ್ತಿನ ಪ್ರಯೋಗಾಲಯಗಳಲ್ಲಿ ಜೀಬ್ರಾ ಮೀನು ಎಂದು ಮನೆಮಾತು. ಬಲೂಕಿಯ ದೂರದ ಬಂಧು. ಅದರಂತೆಯೇ ಗುಂಪಿನಲ್ಲಿ ಬಾಳುವ, ಎರಡು ಇಂಚೂ ಇಲ್ಲದ ಗದ್ದೆಬದುವಿನ ಮೀನು. ಮೊಟ್ಟೆ ಗಾಜಿನಂತೆ ಪಾರದರ್ಶಕ. ಒಳಗೆ ಮರಿಯ ಹೃದಯ ಬಡಿಯುವುದು ಒಂದೇ ದಿನದಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುತ್ತದೆ. ಹೃದಯದ ಒಂದು ಭಾಗವನ್ನೇ ಕತ್ತರಿಸಿದರೂ ಮತ್ತೆ ಬೆಳೆಸಿಕೊಳ್ಳುತ್ತದೆ. ಪುಣೆಯ ಆಘಾರಕರ್ ಸಂಶೋಧನ ಸಂಸ್ಥೆಯಲ್ಲಿ ಈ ಮೀನಿನ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ ಸವೆದಾಗ ಮೀನು ಅದನ್ನು ಹೇಗೆ ಮತ್ತೆ ಕಟ್ಟಿಕೊಳ್ಳುತ್ತದೆ, ಯಾವ ಪ್ರೋಟೀನು ಆ ಕೆಲಸಕ್ಕೆ ಚಾಲನೆ ಕೊಡುತ್ತದೆ ಎಂಬುದನ್ನು ಅಲ್ಲಿನ ತಂಡ ಬಿಡಿಸಿ ತೋರಿಸಿದೆ. ಸೊಂಟನೋವಿನಿಂದ ನರಳುವ ಮನುಷ್ಯರಿಗೆ ಇದು ದೂರದ ಸುದ್ದಿಯಲ್ಲ.

ಅಳಕೂಟಕ್ಕೆ ಆ ಕೀರ್ತಿ ಇಲ್ಲ. ಆದರೆ ಬದುಕುವ ಕಲೆಯಲ್ಲಿ ಅದು ಯಾರಿಗೂ ಕಡಿಮೆಯಲ್ಲ.

ನೀರಿನ ಮೇಲ್ಪದರದಲ್ಲಿ ಬದುಕುವುದೆಂದರೆ ಎರಡೂ ಕಡೆಯಿಂದ ಅಪಾಯ. ಮೇಲಿನಿಂದ ಮಿಂಚುಳ್ಳಿ, ರೀವ, ಕೊಕ್ಕರೆ. ಕೆಳಗಿನಿಂದ ಬಾಳೆಮೀನು, ಕೊರವ. ಬಚ್ಚಿಟ್ಟುಕೊಳ್ಳಲು ಬಂಡೆಯಿಲ್ಲ, ಪಾಚಿಯಿಲ್ಲ, ಕೆಸರಿಲ್ಲ. ಹೀಗಾಗಿ ಮೀನು ತನ್ನ ಮೈಯನ್ನೇ ಅಡಗುತಾಣ ಮಾಡಿಕೊಂಡಿದೆ. ಬೆನ್ನು ಮಸುಕು ಹಸಿರು. ಮೇಲಿನಿಂದ ನೋಡುವ ಹಕ್ಕಿಗೆ ಅದು ಹೊಳೆಯ ಬಣ್ಣದೊಳಗೆ ಕರಗಿಹೋಗುತ್ತದೆ. ಪಕ್ಕಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಹರಳುಗಳು ಪದರಪದರವಾಗಿ ನಿಂತಿರುತ್ತವೆ. ಅವು ಸುತ್ತಲಿನ ನೀರಿನ ಬೆಳಕನ್ನೇ ಪ್ರತಿಫಲಿಸುವುದರಿಂದ ಪಕ್ಕದಿಂದ ಬರುವ ಬೇಟೆಗಾರ ಮೀನಿಗೆ ಕಾಣುವುದು ಬರಿಯ ನೀರು. ಉಳಿದದ್ದು ಹೊಟ್ಟೆಯ ಕೆಳಗಿನ ನೆರಳು. ದುಂಡು ಹೊಟ್ಟೆಯಿದ್ದರೆ ಕೆಳಗಿನಿಂದ ಕಪ್ಪಾಗಿ ಕಾಣುತ್ತಿತ್ತು. ಹೊಟ್ಟೆ ಕತ್ತಿಯ ಅಂಚಾದ್ದರಿಂದ ನೆರಳು ಬೀಳಲು ಜಾಗವೇ ಇಲ್ಲ. ಮಗು ಕಲ್ಲೆಸೆದಾಗ ಕಂಡ ಮಿಂಚು, ಈ ಕನ್ನಡಿಗಳು ಕ್ಷಣಕಾಲ ನೆಟ್ಟಗಿನ ನಿಲುವು ತಪ್ಪಿ ಓರೆಯಾದುದರ ಗುರುತು.

ಮೈ ಅಡಗಿಸಿಕೊಂಡರೂ ಸಾಲದು ಎಂದಾದಾಗ ಉಳಿಯುವುದು ಹಿಂಡು. ಬೇಟೆಗಾರ ಮೀನು ಒಂದನ್ನು ಗುರಿಯಿಟ್ಟು ನುಗ್ಗಬೇಕು. ಎದುರಿಗೆ ಒಂದೇ ಅಳತೆಯ, ಒಂದೇ ಬಣ್ಣದ, ಅತ್ತಿಂದಿತ್ತ ಹೊರಳುವ ಇನ್ನೂರು ಮೈಗಳಿದ್ದರೆ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿ ಗುರಿ ತಪ್ಪುತ್ತದೆ. ಜೊತೆಗೆ ಇನ್ನೂರು ಜೊತೆ ಕಣ್ಣುಗಳು ಒಟ್ಟಿಗೆ ಕಾವಲಿದ್ದರೆ ಒಬ್ಬೊಬ್ಬರು ತಲೆಯೆತ್ತಿ ನೋಡುವ ಹೊತ್ತು ಕಡಿಮೆಯಾಗಿ ತಿನ್ನುವ ಹೊತ್ತು ಹೆಚ್ಚುತ್ತದೆ. ಇಲ್ಲಿ ಪರೋಪಕಾರದ ಮಾತೇನೂ ಇಲ್ಲ. ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1971ರಲ್ಲಿ ಇದನ್ನು ‘ಸ್ವಾರ್ಥಿಗಳ ಹಿಂಡು’ ಎಂದೇ ಕರೆದರು. ಪ್ರತಿಯೊಂದು ಪ್ರಾಣಿಯೂ ಅಪಾಯಕ್ಕೂ ತನಗೂ ನಡುವೆ ಮತ್ತೊಬ್ಬರನ್ನು ಇಟ್ಟುಕೊಳ್ಳಲು ಹೊರಟರೆ ಸಾಕು, ಗುಂಪು ತಾನಾಗಿಯೇ ಬಿಗಿಯಾಗುತ್ತದೆ.

ಆ ಹಿಂಡಿಗೆ ನಾಯಕನಿಲ್ಲ. ಮುಂದೆ ಈಜುತ್ತಿದ್ದ ಮೀನು ತಿರುವಿನ ನಂತರ ಹಿಂದಾಗುತ್ತದೆ. ಹಾಗಾದರೆ ಇನ್ನೂರು ಮೀನುಗಳು ಒಂದೇ ಉಸಿರಿಗೆ ಹೊರಳುವುದು ಹೇಗೆ? ಕಣ್ಣಿನ ಪಾಲು ದೊಡ್ಡದು. ಕತ್ತಲಾದ ಮೇಲೆ ಹಿಂಡು ಚದುರಿ ಸಡಿಲಾಗುವುದೇ ಅದಕ್ಕೆ ಸಾಕ್ಷಿ. ಕಣ್ಣಿಗೆ ನೆರವಾಗಿ ಮೀನಿಗೆ ಇನ್ನೊಂದು ಇಂದ್ರಿಯವಿದೆ, ಮನುಷ್ಯರಿಗೆ ಇಲ್ಲದ್ದು. ಕಿವಿರಿನ ಹಿಂದಿನಿಂದ ಬಾಲದವರೆಗೆ ಮೈಯುದ್ದಕ್ಕೂ ಓಡುವ ಪಾರ್ಶ್ವರೇಖೆ. ಅದರಲ್ಲಿರುವ ಕೂದಲಿನಂಥ ಜೀವಕೋಶಗಳು ಪಕ್ಕದ ಮೀನು ಬಾಲ ಬೀಸಿದಾಗ ನೀರಿನಲ್ಲಿ ಏಳುವ ಅಲುಗಾಟವನ್ನು ಗ್ರಹಿಸುತ್ತವೆ. ಬ್ರಿಟನ್ನಿನಲ್ಲಿ 1976ರಲ್ಲಿ ನಡೆದ ಪ್ರಯೋಗದಲ್ಲಿ, ತಾತ್ಕಾಲಿಕವಾಗಿ ಕಣ್ಣು ಮುಚ್ಚಿದ ಕಡಲಮೀನುಗಳು ಈ ರೇಖೆಯ ಬಲದಿಂದಲೇ ಹಿಂಡಿನಲ್ಲಿ ತಮ್ಮ ಜಾಗ ಕಾಪಾಡಿಕೊಂಡವು. ಹಿಂಡು ಕಟ್ಟುವುದೆಂದರೆ ಮೀನಿಗೆ ನೋಡುವುದೂ ಹೌದು, ಮೈಯಿಂದಲೇ ಮುಟ್ಟದೆ ಮುಟ್ಟುವುದೂ ಹೌದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವೇಶ ಗುತ್ತಲ್ ಅವರ ತಂಡ ಈ ಒಗಟಿಗೆ ಕೈಹಾಕಿದ್ದು ಇನ್ನೊಂದು ಮೀನಿನ ಮೂಲಕ. ಕೇರಳದ ಊಟದೆಲೆಯ ಕರಿಮೀನು ಎಲ್ಲರಿಗೂ ಗೊತ್ತು. ಅದರ ಎಳೆಯ ಮೀನುಗಳು ಹಿಂಡು ಕಟ್ಟುತ್ತವೆ. ತೊಟ್ಟಿಯಲ್ಲಿ ಬೇರೆಬೇರೆ ಗಾತ್ರದ ಗುಂಪುಗಳನ್ನು ಬಿಟ್ಟು, ಗಂಟೆಗಟ್ಟಲೆ ಚಿತ್ರೀಕರಿಸಿ, ಪ್ರತಿ ಮೀನಿನ ದಿಕ್ಕನ್ನೂ ಅಳೆದರು. ಮೀನು ಸುತ್ತಲಿನ ಎಲ್ಲರ ದಿಕ್ಕಿನ ಸರಾಸರಿ ತೆಗೆದು ತಿರುಗುತ್ತದೆ ಎಂಬುದು ಅಲ್ಲಿಯವರೆಗಿನ ಹೆಚ್ಚಿನ ಗಣಿತ ಮಾದರಿಗಳ ನಂಬಿಕೆ. 2020ರಲ್ಲಿ ‘ನೇಚರ್ ಫಿಸಿಕ್ಸ್’ ಪತ್ರಿಕೆಯಲ್ಲಿ ಬಂದ ಇವರ ಫಲಿತಾಂಶ ಬೇರೆಯೇ ಹೇಳಿತು. ಮೀನು ಒಮ್ಮೆಗೆ ಯಾರೋ ಒಬ್ಬರನ್ನು ಮಾತ್ರ ಅನುಕರಿಸುತ್ತದೆ, ಆಗಾಗ ತನ್ನಿಷ್ಟದಂತೆ ಸುಮ್ಮನೆ ತಿರುಗಿಯೂ ಬಿಡುತ್ತದೆ. ಗುಂಪು ಚಿಕ್ಕದಾದಷ್ಟೂ ಈ ಏರುಪೇರಿನ ಪರಿಣಾಮ ಹೆಚ್ಚು. ಆ ಏರುಪೇರೇ ಎಲ್ಲರನ್ನೂ ಒಂದು ದಿಕ್ಕಿಗೆ ತಳ್ಳುತ್ತದೆ. ಗದ್ದಲದಿಂದ ಶಿಸ್ತು ಹುಟ್ಟುತ್ತದೆ ಎಂಬ ಈ ಮಾತು ಮೊದಲ ಓದಿಗೆ ನಂಬಲು ಕಷ್ಟ. ಪೇಟೆಯ ಜಾತ್ರೆಯಲ್ಲಿ ನಾಲ್ಕು ಜನ ಗೆಳೆಯರು ಯಾರೂ ಹೇಳದೆಯೇ ಒಂದು ಕಡೆ ನಡೆದುಬಿಡುವುದನ್ನು ನೆನೆದರೆ ಅಷ್ಟು ಕಷ್ಟವಾಗಲಾರದು. ಅಳಕೂಟವೂ ಇದೇ ಸೂತ್ರ ಪಾಲಿಸುತ್ತದೆಯೇ ಎಂದು ಯಾರಾದರೂ ಖಡಕವಾಸಲಾದ ದಡದಲ್ಲಿ ಕ್ಯಾಮೆರಾ ಹಿಡಿದು ಕೂರಬೇಕು.

ಹಿಂಡಿಗೆ ಇನ್ನೊಂದು ಗುಟ್ಟಿನ ಭಾಷೆಯೂ ಇದೆ. ಅದು ವಾಸನೆಯದು. ಜೇನ್ನೊಣಗಳ ನೃತ್ಯದ ಅರ್ಥ ಬಿಡಿಸಿ ಮುಂದೆ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್, 1938ರಲ್ಲಿ ಯುರೋಪಿನ ಮಿನ್ನೋ ಮೀನಿನಲ್ಲಿ ಇದನ್ನು ಆಕಸ್ಮಿಕವಾಗಿ ಕಂಡರು. ಗಾಯಗೊಂಡ ಒಂದು ಮೀನನ್ನು ಹಿಂಡಿಗೆ ಮರಳಿ ಬಿಟ್ಟಾಗ ಉಳಿದವು ದಿಕ್ಕಾಪಾಲಾಗಿ ಓಡಿದವು. ಚರ್ಮದ ಕೆಲವು ಜೀವಕೋಶಗಳು ಒಡೆದಾಗ ಮಾತ್ರ ನೀರಿಗೆ ಸೇರುವ ಒಂದು ದ್ರವ್ಯವೇ ಆ ದಿಗಿಲಿಗೆ ಕಾರಣ. ಕಚ್ಚಿಸಿಕೊಂಡ ಮೀನು ಸಾಯುತ್ತಲೇ ಇತರರಿಗೆ ಸುದ್ದಿ ಮುಟ್ಟಿಸುತ್ತದೆ. ಗೆಂಡೆ, ಅಳಕೂಟ, ಜೀಬ್ರಾಮೀನು ಸೇರುವ ದೊಡ್ಡ ಕುಲದಲ್ಲೆಲ್ಲ ಇಂಥ ಎಚ್ಚರಿಕೆಯ ವಾಸನೆ ವ್ಯಾಪಕ. ಇದೇ ಕುಲಕ್ಕೆ ಕಿವಿಯೂ ಚುರುಕು: ಈಜುಚೀಲದ ಕಂಪನವನ್ನು ಒಳಗಿವಿಗೆ ಸಾಗಿಸುವ ಪುಟ್ಟ ಮೂಳೆಗಳ ಸರಪಳಿಯೊಂದು ಅವುಗಳಲ್ಲಿದೆ. ದಡದ ಮೇಲಿನ ಹೆಜ್ಜೆಸದ್ದಿಗೆ ಮೀನು ಸರಿದುಹೋಗುವುದನ್ನು ಗಾಳ ಹಿಡಿದ ಪ್ರತಿಯೊಬ್ಬ ಹುಡುಗನೂ ಬಲ್ಲ.

ಹಿಂಡಿನ ಹಿಂದೆ ಹಿಂಡಾಗಿಯೇ ಬರುವ ಕಳ್ಳನೂ ಒಬ್ಬನಿದ್ದಾನೆ. 1952ರಲ್ಲಿ ಸಿ. ವಿ. ಕುಲಕರ್ಣಿ ಕೊಲ್ಹಾಪುರದ ಪಂಚಗಂಗೆಯಿಂದ ಒಂದು ಪುಟ್ಟ ಬಾಳೆಮೀನಿನ ಜಾತಿಯನ್ನು ಮೊದಲ ಬಾರಿಗೆ ವಿವರಿಸಿ ಅದಕ್ಕೆ ‘ಖವಲ್‌ಚೋರ್’ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಖವಲೆ ಎಂದರೆ ಹುರುಪೆ. ಬೇರೆ ಮೀನುಗಳ ಮೈಮೇಲೆ ಎರಗಿ ಹುರುಪೆ ಕಿತ್ತು ತಿನ್ನುವುದೇ ಇದರ ಕಸುಬು. ಮತ್ತೆ ಇಲ್ಲಿಯೂ ಊರಿನವರ ಮಾತೇ ವಿಜ್ಞಾನದ ಮಾತಾಯಿತು. ಕೃಷ್ಣಾ ಕಣಿವೆಯಲ್ಲಿ ಮಾತ್ರ ಸಿಗುವ ಈ ಮೀನು ಕರ್ನಾಟಕದ ನೀರಿನಲ್ಲೂ ಇದೆ.

ಬೇಸಿಗೆಯಲ್ಲಿ ಸಹ್ಯಾದ್ರಿಯ ಪೂರ್ವದ ಇಳಿಜಾರಿನ ತೊರೆಗಳು ಬತ್ತಿ ಗುಂಡಿಗಳಾಗುತ್ತವೆ. ಮೀನುಗಳು ಆ ಗುಂಡಿಗಳಲ್ಲಿ, ಅಣೆಕಟ್ಟೆಗಳ ಹಿನ್ನೀರಿನಲ್ಲಿ ಕಾದಿರುತ್ತವೆ. ಜೂನ್ ಮೊದಲ ಮಳೆಗೆ ಕೆನ್ನೀರು ಇಳಿದುಬಂದೊಡನೆ ಅನೇಕ ಸಣ್ಣಮೀನುಗಳು ಹರಿವಿಗೆ ಎದುರಾಗಿ ಏರತೊಡಗುತ್ತವೆ. ತೊರೆ, ಕಾಲುವೆ, ಭತ್ತದ ಗದ್ದೆ, ಎಲ್ಲಿ ನೀರು ತೆಳುವಾಗಿ ಹರಡಿದೆಯೋ ಅಲ್ಲಿ ಮೊಟ್ಟೆಯಿಡಲು. ಕೊಂಕಣದ ಮರಾಠಿಯಲ್ಲಿ ಇದಕ್ಕೆ ವಲಗಣ ಎಂಬ ಹೆಸರಿದೆ. ನಮ್ಮ ಮಲೆನಾಡಿನಲ್ಲಿ ಹತ್ತುಮೀನು. ತುಳುನಾಡಿನಲ್ಲಿ ಉಬರ್. ಮೂರು ಭಾಷೆಗಳು ಒಂದೇ ರಾತ್ರಿಯ ಸಡಗರಕ್ಕೆ ಇಟ್ಟ ಹೆಸರುಗಳು. ಕೂಣಿ ಹಾಕಿ, ಬುಟ್ಟಿ ಒಡ್ಡಿ, ದೀಪ ಹಿಡಿದು, ಪಂಚೆಯ ಅಂಚನ್ನೇ ಬಲೆ ಮಾಡಿ ಊರಿಗೂರೇ ಹೊಳೆಗಿಳಿಯುವ ಆ ರಾತ್ರಿಯ ನೆನಪು ಹಳ್ಳಿಯಲ್ಲಿ ಬೆಳೆದವರ ಮೂಗಿನಲ್ಲಿ ಇನ್ನೂ ಇರುತ್ತದೆ. ಮೊಟ್ಟೆಯಿಡಲು ಹೊರಟ ಮೀನನ್ನೇ ಹಿಡಿಯುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಕೂಣಿಯಿಂದ ತಪ್ಪಿಸಿಕೊಳ್ಳುವ ಮೀನುಗಳು ಇದ್ದೇ ಇರುತ್ತವೆ, ಕಾಂಕ್ರೀಟ್ ಗೋಡೆಯಿಂದ ತಪ್ಪಿಸಿಕೊಳ್ಳುವ ಮೀನಿಲ್ಲ.

ಪುಣೆಯ ಲೆಕ್ಕದ ಪುಸ್ತಕಕ್ಕೆ ಮರಳೋಣ. ಸೈಕ್ಸ್ ನಂತರ ಫ್ರಾನ್ಸಿಸ್ ಡೇ 1872ರಲ್ಲಿ ಪುಣೆಯಿಂದ ಬಂದ ಒಂದು ಮರಳುಮೀನನ್ನು ಹೊಸ ಜಾತಿಯೆಂದು ವಿವರಿಸಿದ. 1942ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಫ್ರೇಸರ್ ಪುಣೆಯ ಮೀನುಗಳ ಪಟ್ಟಿ ಮಾಡಿದ. 1944ರಲ್ಲಿ ಸೂಟರ್ ಅದಕ್ಕೆ ಇನ್ನಷ್ಟು ಸೇರಿಸಿದ. 1963ರಲ್ಲಿ ಪುಣೆ ವಿಶ್ವವಿದ್ಯಾಲಯದ ಟೋಣಪಿ ಮತ್ತು ಮುಳೇರಕರ್ ಮತ್ತೆ ಎಣಿಸಿದರು. 2003ರಲ್ಲಿ ಒಂದಲ್ಲ ಎರಡು ಲೇಖನಗಳು ಬಂದವು: ವಾಘ್ ಮತ್ತು ಘಾಟೆ ಮುಳಾ-ಮುಠಾ ಹೊಳೆಗಳ ಮೀನುಗಳನ್ನು ದಾಖಲಿಸಿದರೆ, ಖರಾತ್, ದಹಾಣುಕರ್ ಮತ್ತಿತರರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಹಳೆಯ ಪಟ್ಟಿಗಳನ್ನು ಹೊಸದರ ಪಕ್ಕ ಇಟ್ಟು ಅರವತ್ತು ವರ್ಷಗಳಲ್ಲಿ ಏನು ಬದಲಾಯಿತೆಂದು ನೋಡಿದರು. ಹಳಬರು ಕಂಡಿದ್ದ ಕೆಲವು ದೇಶೀ ಮೀನುಗಳು ಈಗ ಸಿಗಲಿಲ್ಲ. ಹಳಬರು ಕಾಣದ ಹೊರಗಿನ ಮೀನುಗಳು ಬಂದು ನೆಲೆಸಿದ್ದವು.

ಹಳೆಯ ಪಟ್ಟಿ ಇಲ್ಲದ ಊರಿನಲ್ಲಿ ಮೀನು ಕಳೆದುಹೋದರೆ ಕಳೆದದ್ದೂ ತಿಳಿಯುವುದಿಲ್ಲ. ಪುಣೆಯ ಪಟ್ಟಿಗಳ ಬೆಲೆ ಇರುವುದು ಇಲ್ಲಿ. ನಮ್ಮ ತುಂಗೆ, ಭದ್ರೆ, ಘಟಪ್ರಭೆಗಳ ದಡದ ಎಷ್ಟು ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಹೀಗೆ ತಲೆಮಾರಿನಿಂದ ತಲೆಮಾರಿಗೆ ಎಣಿಕೆ ದಾಟಿಸಿವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬದಲಾವಣೆಯ ಕಾರಣಗಳನ್ನು ಹೊಳೆಯೇ ತೋರಿಸುತ್ತದೆ. ಮುಠಾಕ್ಕೆ ಖಡಕವಾಸಲಾ ಕಟ್ಟೆ ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲೇ. ಆಮೇಲೆ ಪಾನ್‌ಶೇತ್, ವರಸಗಾವ್, ಟೆಮ್‌ಘರ್. ಅತ್ತ ಮುಳಾ ಹೊಳೆಗೆ ಸೇನಾಪತಿ ಬಾಪಟರ ಸತ್ಯಾಗ್ರಹವನ್ನೂ ಮೀರಿ ಎದ್ದ ಮುಳಶಿ ಕಟ್ಟೆ. 1961ರ ಜುಲೈ 12ರಂದು ಪಾನ್‌ಶೇತ್ ಒಡೆದು, ಖಡಕವಾಸಲಾವೂ ಒಡೆದು ಪುಣೆ ಮುಳುಗಿದ್ದು ಈಗಲೂ ಹಿರಿಯರ ಮಾತಿನಲ್ಲಿ ಬರುತ್ತದೆ. ಕಟ್ಟೆಯ ಮೇಲಿನ ನಿಂತ ನೀರು ಅಳಕೂಟಕ್ಕೆ ಅಷ್ಟು ಕೆಟ್ಟದ್ದಲ್ಲ. ಕೆಳಗಿನ ಕಥೆ ಬೇರೆ. ಏರಂಡವಣೆಯ ಗಣೇಶನಗರದಲ್ಲಿರುವ ಕನ್ನಡ ಸಂಘದ ಶಾಲೆಯಿಂದ ಮುಠಾ ದಡ ಹೆಚ್ಚು ದೂರವಿಲ್ಲ. ಅಲ್ಲಿಗೆ ನಡೆದುಹೋದವರಿಗೆ ಬೇಸಿಗೆಯಲ್ಲಿ ಮೊದಲು ಸಿಗುವುದು ವಾಸನೆ. ನಗರದ ಕೊಳಚೆ ಹೊಳೆಗೆ ಬಿದ್ದಾಗ ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿ ಮು­ಗಿಸುತ್ತವೆ. ಹೊಳಪು ಮೈಯ, ಚುರುಕು ಓಡಾಟದ ಮೀನಿಗೆ ಉಸಿರಿನ ಬೇಡಿಕೆ ಹೆಚ್ಚು. ಅದು ಮೊದಲು ಸೋಲುತ್ತದೆ. ಅಂಥಲ್ಲಿ ಉಳಿಯುವವು ಗಪ್ಪಿಗಳು. ಸೊಳ್ಳೆಯ ಮರಿ ತಿನ್ನಲೆಂದು ಹೊರದೇಶದಿಂದ ತಂದು ಚರಂಡಿಗಳಿಗೆ ಬಿಟ್ಟ ಪುಟ್ಟ ಮೀನುಗಳಿವು. ಇದೇ ಕೆಲಸಕ್ಕೆಂದು ಗ್ಯಾಂಬೂಸಿಯಾವನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು. 1952ರಲ್ಲಿ ತಿಲಾಪಿಯಾ ಬಂತು. ನೀರಿನ ಮೇಲ್ಪದರದ ಹುಳ ತಿನ್ನುವ ನಮ್ಮದೇ ಅಳಕೂಟ, ಡಾನಿಕೋನಿಯಸ್‌ಗಳು ಸೊಳ್ಳೆಮರಿಗಳನ್ನೂ ತಿನ್ನುತ್ತವೆ. ಅವು ಬದುಕುವಷ್ಟು ನೀರು ಚೊಕ್ಕಟವಾಗಿದ್ದರೆ ಆ ಆಮದಿನ ಅಗತ್ಯವೇ ಎಷ್ಟಿರುತ್ತಿತ್ತು?

ಮುಳಾ-ಮುಠಾ ಶುದ್ಧೀಕರಣಕ್ಕೆ 2016ರಲ್ಲಿ ಜಪಾನಿನ ಸಾಲದ ಒಪ್ಪಂದವಾಯಿತು. ದಡಗಳನ್ನು ಚೆಂದಗೊಳಿಸುವ 44 ಕಿಲೋಮೀಟರ್ ಉದ್ದದ ಇನ್ನೊಂದು ಯೋಜನೆಯ ಕೆಲಸವೂ ನಡೆದಿದೆ. ಮೊದಲನೆಯದು ಮುಗಿಯುವುದನ್ನು ಮೀನು ಕಾಯುತ್ತಿದೆ. ಎರಡನೆಯದರ ಬಗ್ಗೆ ಪುಣೆಯ ಪರಿಸರಾಸಕ್ತರು ಎತ್ತುವ ಪ್ರಶ್ನೆಗಳಲ್ಲಿ ಹುರುಳಿದೆ. ದಡದ ಹುಲ್ಲು, ಬೇರು, ಆಳವಿಲ್ಲದ ಅಂಚಿನ ನೀರು ಸಣ್ಣಮೀನಿನ ತೊಟ್ಟಿಲು. ಅದನ್ನು ಕಲ್ಲಿನಿಂದ ಕಟ್ಟಿಬಿಟ್ಟರೆ ಮರಿಗಳಿಗೆ ನಿಲ್ಲಲು ಜಾಗವಿಲ್ಲ.

ಸಣ್ಣಮೀನನ್ನು ಬಡವರ ಮೀನು ಎಂದು ಕಡೆಗಣಿಸುವುದು ತಟ್ಟೆಯ ಮಟ್ಟಿಗೂ ತಪ್ಪು. ದೊಡ್ಡ ಮೀನಿನ ತುಂಡು ತಿನ್ನುವವರು ತಲೆ, ಮುಳ್ಳು, ಕರುಳನ್ನು ಬಿಸಾಡುತ್ತಾರೆ. ಸಣ್ಣಮೀನನ್ನು ಇಡಿಯಾಗಿ ತಿನ್ನುತ್ತಾರೆ. ಬುಕಾನನ್ ಹೆಸರಿಟ್ಟ ಮೋಲಾ ಮೀನು ಪುಣೆಯ ಹೊಳೆಗಳಲ್ಲೂ ಇದೆ, ಹಿಂಡಾಗಿಯೇ ಇರುತ್ತದೆ. ಬಾಂಗ್ಲಾದೇಶದಲ್ಲಿ ಅದರ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಪೋಷಣತಜ್ಞೆ ಶಕುಂತಲಾ ಥಿಲ್‌ಸ್ಟೆಡ್, ಎ ಜೀವಸತ್ವ, ಕಬ್ಬಿಣ, ಸುಣ್ಣದಂಶಗಳಲ್ಲಿ ಅದು ಎಷ್ಟು ಸಮೃದ್ಧವೆಂದು ತೋರಿಸಿದರು. ಸಾಕಣೆ ಕೊಳಗಳಲ್ಲಿ ಕಳೆಯೆಂದು ವಿಷ ಹಾಕಿ ಕೊಲ್ಲುತ್ತಿದ್ದ ಮೀನನ್ನು ರೋಹು, ಕಾಟ್ಲಾಗಳ ಜೊತೆಗೇ ಬೆಳೆಸುವಂತೆ ಮಾಡಿದರು. 2021ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು. ಬಸುರಿ ಬಾಣಂತಿಯರಿಗೆ ಒಣಗಿಸಿದ ಸಣ್ಣಮೀನಿನ ಸಾರು ಕೊಡುತ್ತಿದ್ದ ಅಜ್ಜಿಯರಿಗೆ ಈ ಸುದ್ದಿ ಹೊಸದೆನಿಸದು.

ಚೆಂದವಾದ ಸಣ್ಣಮೀನಿನ ಪಾಡು ಬೇರೆ. ಮೈಮೇಲೆ ಕೆಂಪು ಮತ್ತು ಕಪ್ಪು ಪಟ್ಟೆಯಿರುವ ‘ಮಿಸ್ ಕೇರಳ’ ಹಿಂಡಿನ ಮೀನು. ಕಾಸರಗೋಡಿನ ಚಂದ್ರಗಿರಿ ಹೊಳೆಯೂ ಅದರ ತವರುಗಳಲ್ಲೊಂದು. ಅಕ್ವೇರಿಯಂ ವ್ಯಾಪಾರಕ್ಕೆ ಅದನ್ನು ಹೊಳೆಯಿಂದಲೇ ಬಾಚಿ ಲಕ್ಷಗಟ್ಟಲೆ ವಿದೇಶಕ್ಕೆ ಸಾಗಿಸಿದ್ದರಿಂದ ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. 2013ರಲ್ಲಿ ಅದಕ್ಕೆ ‘ಸಹ್ಯಾದ್ರಿಯಾ’ ಎಂಬ ಹೊಸ ಕುಲನಾಮ ಕೊಟ್ಟ ವಿಜ್ಞಾನಿಗಳಲ್ಲಿ ಪುಣೆಯ ದಹಾಣುಕರ್ ಒಬ್ಬರು. ಅಳಕೂಟಕ್ಕೆ ಆ ಭಯವಿಲ್ಲ. ತೊಟ್ಟಿಯಲ್ಲಿ ಅದು ಬದುಕುವುದು ಕಷ್ಟ, ಹಾಗಾಗಿ ಕೊಳ್ಳುವವರಿಲ್ಲ.

ಸಂಗಮದಲ್ಲಿ ಮುಳಾ ಮತ್ತು ಮುಠಾ ಕೂಡಿ ಪೂರ್ವಕ್ಕೆ ಹರಿದು ರಾಂಜಣಗಾಂವ್ ಸಾಂಡಸ್ ಬಳಿ ಭೀಮೆಯನ್ನು ಸೇರುತ್ತವೆ. ಭೀಮೆ ಉಜನಿಯ ಜಲಾಶಯ ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ ಬಾಗಿ, ವಿಜಯಪುರದ ಅಂಚು ಸವರಿ ಕಲಬುರಗಿಗೆ ಬರುತ್ತದೆ. ಅಫಜಲಪುರ, ದೇವಲ ಗಾಣಗಾಪುರದ ಸಂಗಮ, ಅಶೋಕನ ಶಾಸನದ ಸನ್ನತಿ, ಯಾದಗಿರಿ ದಾಟಿ ರಾಯಚೂರಿನ ಹತ್ತಿರ ಕೃಷ್ಣೆಯಲ್ಲಿ ಕೂಡುತ್ತದೆ. ಪುಣೆಯವರು ಹೊಳೆಗೆ ಏನು ಹಾಕುತ್ತಾರೋ ಅದರ ಪಾಲು ಕನ್ನಡಿಗರಿಗೂ ಇದೆ. ಸೈಕ್ಸ್ ಹೆಸರಿಟ್ಟ ಮೀನುಗಳಲ್ಲಿಯೂ ಇದೆ. ಗಾಣಗಾಪುರದ ಮೆಟ್ಟಿಲ ಬಳಿ ಅಂಬಿಗರ ಬಲೆಗೆ ಬೀಳುವ ಬೆಳ್ಳಿಯ ಚೂರುಗಳು ಇದೇ ನೀರಿನ ಬಳಗ.

ಈ ಉದ್ದಕ್ಕೂ ಭೀಮೆಗೆ ಅಡ್ಡಲಾಗಿ ಸಾಲುಸಾಲು ಬಂಧಾರಗಳಿವೆ. ಅವುಗಳಲ್ಲಿ ಅನೇಕವು ಕೊಲ್ಹಾಪುರ ಮಾದರಿಯವು: ಕಂಬಗಳ ನಡುವೆ ಹಲಗೆ ಇಳಿಸಿ ಮಳೆಗಾಲದ ಕೊನೆಯಲ್ಲಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮುನ್ನ ಹಲಗೆ ತೆಗೆಯುತ್ತಾರೆ. ಪ್ರವಾಹ ಸರಾಗವಾಗಿ ಹೋಗಲಿ ಎಂಬುದು ತೆಗೆಯುವವರ ಲೆಕ್ಕ. ಕಂಬಗಳ ಕೆಳಗೆ, ಕೆನ್ನೀರಿನ ಮೊದಲ ಸೆಳೆತಕ್ಕೆ ಮೂತಿ ಮೇಲಕ್ಕೆ ತಿರುಗಿಸಿ ನಿಂತ ಹಿಂಡಿಗೆ ಅದು ಬಾಗಿಲು ತೆರೆಯುವ ದಿನ. ಹಲಗೆ ತೆಗೆಯುವುದು ಒಂದು ವಾರ ತಡವಾದರೆ ಮೀನುಗಳು ಅಲ್ಲಿಯೇ ಸುತ್ತುತ್ತಿರುತ್ತವೆ, ದಡದ ಮೇಲೆ ಕೊಕ್ಕರೆಗಳ ಸಾಲು ಉದ್ದವಾಗುತ್ತದೆ. ಸಮಯಕ್ಕೆ ತೆಗೆದರೆ ಒಂದು ಮೀನು ಕಂಬದ ಸಂದಿನಲ್ಲಿ ನುಗ್ಗುತ್ತದೆ, ಅದನ್ನು ನೋಡಿ ಪಕ್ಕದ್ದು, ಅದರ ಹಿಂದೆ ಇಡೀ ಹಿಂಡು.